ಗಜನಿ, ತೋಟ, ಕಡಲು: ನಮ್ಮ ಜಿಲ್ಲೆಯ ಹಾನಿಯಲ್ಲಿ ಹವಾಮಾನದ ಪಾಲೆಷ್ಟು, ನಮ್ಮ ಪಾಲೆಷ್ಟು?

ಗಜನಿಯಂಚು (ಕುಮಟಾ)

ಇತ್ತೀಚಿನ ವರ್ಷಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗುಡ್ಡ ಜರಿದರೂ, ಬಲೆಗೆ ಮೀನು ಬೀಳದಿದ್ದರೂ, ಅಡಿಕೆ ಉದುರಿದರೂ ‘ಹವಾಮಾನ ಬದಲಾವಣೆ’ ಎಂಬ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಯಾರನ್ನೂ ಹೊಣೆ ಮಾಡದೆ ಸಭೆ ಮುಗಿಸುವುದಕ್ಕೆ ಅದು ತೀರಾ ಅನುಕೂಲವಾಗಿದೆ. ಆದುದರಿಂದ ನಮ್ಮ ನಮ್ಮ ಊರಿನಲ್ಲಿ ಆಗುತ್ತಿರುವ ಹಾನಿಯಲ್ಲಿ ಭೂಮಿ ಬಿಸಿಯಾಗಿರುವುದರ ಪಾಲು ಯಾವುದು, ನಾವು ಇಲ್ಲಿಯೇ ಮಾಡಿಕೊಂಡಿರುವುದು ಯಾವುದು ಎಂಬುದನ್ನು ಬಿಡಿಸಿ ನೋಡೋಣ ಎಂಬುದು ನನ್ನ ಕೋರಿಕೆ.

ನನ್ನಿಂದಲೇ ಆರಂಭಿಸುತ್ತೇನೆ. ನಮ್ಮದು ಅಘನಾಶಿನಿಯ ಹಿನ್ನೀರಿಗೆ ತಾಗಿದ ಗಜನಿ ಭೂಮಿ. ಬೇಸಿಗೆಯಲ್ಲಿ ಭರತದ ಉಪ್ಪುನೀರು ಒಳಬರುವ ಈ ಗದ್ದೆಗಳಲ್ಲಿ ಮಳೆಗಾಲದ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ; ಕೆಲವು ದಿನ ನೆರೆಯಲ್ಲಿ ಮುಳುಗಿದರೂ ತಲೆಯೆತ್ತಿ ನಿಲ್ಲುವ ತಳಿ ಅದು. ಆದರೆ ಕಗ್ಗ ಎಷ್ಟೇ ಗಟ್ಟಿಯಾದರೂ ಮೊಳಕೆಯ ಹಂತದಲ್ಲಿ ಅದಕ್ಕೂ ಸಿಹಿನೀರು ಬೇಕು. 2023ರಲ್ಲಿ ಮುಂಗಾರು ಕೇರಳಕ್ಕೆ ತಲುಪಿದ್ದೇ ಜೂನ್ 8ಕ್ಕೆ, ಆ ಬಳಿಕವೂ ಮಳೆ ತೆವಳಿಕೊಂಡೇ ಬಂತು, ಉಪ್ಪು ತೊಳೆಯಲಿಲ್ಲ. 2025ರಲ್ಲಿ ಅದೇ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ನಮ್ಮಲ್ಲಿ ಒಡ್ಡಿನ ಕೆಲಸ ಅರ್ಧಕ್ಕೆ ನಿಂತಿತು. ಮಳೆಯ ಒಟ್ಟು ಲೆಕ್ಕ ಎಷ್ಟೇ ಇರಲಿ, ಅದು ಬೀಳುವ ಹೊತ್ತು ನಂಬಿಕೆಗೆ ಸಿಗದಂತಾಗಿದೆ.

ಇದು ಹವಾಮಾನದ ಪಾಲು. ಈಗ ನಮ್ಮ ಪಾಲು ಕೇಳಿ. ಖಾರ್‌ಲ್ಯಾಂಡ್ ಯೋಜನೆಯಲ್ಲಿ ಉಪ್ಪುನೀರು ತಡೆಯಲು ಕಟ್ಟಿದ ಒಡ್ಡುಗಳ ಮೇಲುಸ್ತುವಾರಿ ಹಳಿ ತಪ್ಪಿ ಎಷ್ಟೋ ಕಾಲವಾಯಿತು. ಒಡ್ಡು ಒಡೆದಲ್ಲಿ ಭತ್ತ ಬಿಟ್ಟರು, ಭತ್ತ ಬಿಟ್ಟಲ್ಲಿ ಸೀಗಡಿಗೆ ಗೇಣಿ ಕೊಟ್ಟರು, ಸೀಗಡಿಗಾಗಿ ತೂಬನ್ನು ತೆರೆದಿಟ್ಟುದರಿಂದ ಪಕ್ಕದ ಗದ್ದೆಗೂ ಉಪ್ಪುನೀರು ನುಗ್ಗಿತು. ಸಮುದ್ರ ಮಟ್ಟ ಏರಿದೆ ಎಂಬುದು ನಿಜ: 1901ರಿಂದ 2018ರ ನಡುವೆ ಜಾಗತಿಕ ಸರಾಸರಿ ಸುಮಾರು 20 ಸೆಂಟಿಮೀಟರ್ ಏರಿಕೆಯಾಗಿದೆ, ಏರುವ ವೇಗವೂ ಹೆಚ್ಚುತ್ತಿದೆ. ಆದರೆ ತೂಬಿನ ಹಲಗೆಯನ್ನು ಸಕಾಲಕ್ಕೆ ಇಳಿಸದೆ ಇರುವವರು ಧ್ರುವಪ್ರದೇಶದ ಮಂಜುಗಡ್ಡೆಯ ಮೇಲೆ ತಪ್ಪು ಹೊರಿಸುವುದನ್ನು ನಾನು ಒಪ್ಪಲಾರೆ.

ತೋಟಪಟ್ಟಿ (ಶಿರಸಿ)

ಪ್ರಶ್ನೆ ಸರಿಯಾಗಿದೆ. ಘಟ್ಟದ ಮೇಲಿನ ಮಾತನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಡಿಕೆಯ ಕೊಳೆ ರೋಗದಲ್ಲಿ ಈ ಎರಡೂ ಪಾಲುಗಳು ಹೆಣೆದುಕೊಂಡಿವೆ.

ಕೊಳೆಗೆ ಕಾರಣವಾದ ಫೈಟಾಫ್ತೊರಾ ಎಂಬ ರೋಗಾಣು ತೋಟಕ್ಕೆ ಹೊಸದಲ್ಲ. ತಂಪು, ತೇವ, ನಡುನಡುವೆ ಬಿಸಿಲು ಸಿಕ್ಕಿದರೆ ಅದು ಗೊನೆಯಿಂದ ಗೊನೆಗೆ ಹರಡುತ್ತದೆ. ಮುಂಗಾರಿಗೆ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಗಳಿಗೊಮ್ಮೆ ಬೋರ್ಡೋ ದ್ರಾವಣ ಹೊಡೆಯುವುದು ರೂಢಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಹೊಳಪಿನ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಎಂದು ಅರ್ಥ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೊಡೆದ ದ್ರಾವಣ ಗೊನೆಯ ಮೇಲೆ ಒಣಗಿ ಅಂಟಿಕೊಳ್ಳುವುದಕ್ಕೆ ಕೆಲವು ಗಂಟೆಗಳ ಹೊಳವು (ಮಳೆಯ ಬಿಡುವು) ಬೇಕೇ ಬೇಕು. ಮೇ ಕೊನೆಯಲ್ಲೇ ಮಳೆ ಹಿಡಿದರೆ ಮೊದಲ ಸಿಂಪಡಣೆ ತಪ್ಪುತ್ತದೆ. ಜುಲೈಯಲ್ಲಿ ಹಗಲಿರುಳು ಸುರಿದರೆ ಎರಡನೆಯದೂ ತಪ್ಪುತ್ತದೆ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡರನ್ನು ಕಾಯುವುದು ಬೇಡವೆಂದು ಕಾರ್ಬನ್ ಫೈಬರ್ ದೋಟಿ ಕೊಂಡವರಿದ್ದಾರೆ. ದೋಟಿಯಿಂದ ಕೂಲಿಯ ಸಮಸ್ಯೆ ತೀರುತ್ತದೆಯೇ ಹೊರತು ಹೊಳವು ಬರುವುದಿಲ್ಲ.

ಇನ್ನು ನಮ್ಮ ಪಾಲು. ಬ್ರಿಟಿಷರ ಕಾಲದಿಂದಲೂ ಜಿಲ್ಲೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ, ಎಂದರೆ ತೋಟಕ್ಕೆ ಸೊಪ್ಪು ತಂದುಕೊಳ್ಳುವ ಕಾಡಿನ, ಹಕ್ಕಿದೆ. ಬೆಟ್ಟದ ಮರಗಳು ಇದ್ದಾಗ ಮಳೆನೀರು ಇಂಗಿ, ಕೆಳಗಿನ ತೋಟದ ಹಳ್ಳ ಬೇಸಿಗೆಯವರೆಗೂ ಹರಿಯುತ್ತಿತ್ತು. ಸೊಪ್ಪು, ದರಕು (ಒಣಗಿದ ಎಲೆ) ತಂದೆವು; ಹೊಸ ಗಿಡ ಬೆಳೆಸುವುದನ್ನು ಮರೆತೆವು. ಕೆಲವು ಕಡೆ ಬೆಟ್ಟ ಬೋಳಾಗಿದೆ, ಕೆಲವು ಕಡೆ ಬೆಟ್ಟವನ್ನೇ ಹರಿದು ತೋಟ ಮಾಡಿದ್ದಾರೆ. ಗದ್ದೆಗಳೆಲ್ಲ ಅಡಿಕೆಯಾದವು. ಗದ್ದೆಯಲ್ಲಿ ಮಳೆಗಾಲದುದ್ದಕ್ಕೂ ನಿಲ್ಲುತ್ತಿದ್ದ ನೀರು ಈಗ ಬಸಿಗಾಲುವೆಯಲ್ಲಿ ಹೊಳೆಗೆ ಓಡುತ್ತದೆ, ಮಾರ್ಚಿಗೆ ಬಾವಿ ತಳ ಕಾಣುತ್ತದೆ. ಇದಕ್ಕೆ ಭೂಮಿಯ ಉಷ್ಣತೆಯನ್ನು ದೂರುವುದು ನನಗೂ ಸರಿ ಕಾಣುವುದಿಲ್ಲ.

ಕೋಡಿಬಾಗ (ಕಾರವಾರ)

ತಮ್ಮಿಬ್ಬರ ಮಾತನ್ನೂ ಓದಿದೆ. ಎಲ್ಲವನ್ನೂ ‘ನಮ್ಮ ಪಾಲು’ ಎಂದು ಹೊತ್ತುಕೊಳ್ಳುವುದರಲ್ಲಿಯೂ ಅಪಾಯವಿದೆ ಎಂದು ಹೇಳಬೇಕಾಗಿದೆ. ಕಡಲಿನವರ ವಿಷಯದಲ್ಲಿ ಹಾಗೆ ಮಾಡಿದರೆ ದಡದಿಂದ ಯೆಂಡಿ ಬಲೆ ಎಳೆಯುವವನೂ ತಪ್ಪಿತಸ್ಥನಾಗಿಬಿಡುತ್ತಾನೆ.

ಅರಬ್ಬೀ ಸಮುದ್ರ ಬಿಸಿಯಾಗಿರುವುದು ಕಲ್ಪನೆಯಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರ ಅವಧಿಯಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ 52 ಶೇಕಡಾ ಹೆಚ್ಚಿದೆ. ಅದೇ ಅವಧಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ಸ್ವಲ್ಪ ಇಳಿದಿದೆ. 2019ರ ಅಕ್ಟೋಬರಿನಲ್ಲಿ ‘ಕ್ಯಾರ್’ ಎದ್ದಾಗ ಹೊರರಾಜ್ಯಗಳ ದೋಣಿಗಳೂ ಕಾರವಾರ ಬಂದರಿನಲ್ಲಿ ಬಂದು ಆಶ್ರಯ ಪಡೆದವು. ಅದು ಮುಗಿಯುವ ಮೊದಲೇ ‘ಮಹಾ’ ಬಂತು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ದಂಡೆಗೆ ತಾಗಿಕೊಂಡೇ ಉತ್ತರಕ್ಕೆ ಹೋಯಿತು. ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ಎರಡು ತಿಂಗಳು ಹೇಗೂ ನಿಷೇಧವಿದೆ. ಹಂಗಾಮಿನ ಆರಂಭದಲ್ಲೊಂದು, ಕೊನೆಯಲ್ಲೊಂದು ಚಂಡಮಾರುತದ ಎಚ್ಚರಿಕೆ ಬಂದು ದೋಣಿ ದಡದಲ್ಲೇ ಉಳಿದರೆ ಡೀಸೆಲಿನ ಸಾಲ ತೀರಿಸುವ ದಿನಗಳೇ ಕರಗಿಹೋಗುತ್ತವೆ.

ತಾರ್ಲೆ (ಬೂತಾಯಿ) ಮೀನಿನ ಮಾತನ್ನೂ ಹೇಳಬೇಕು. ಮಳೆಗಾಲದ ಗಾಳಿಗೆ ತಳದ ತಣ್ಣನೆಯ, ಸತ್ವವುಳ್ಳ ನೀರು ಮೇಲೆದ್ದು ಬಂದಾಗ ಅದರಲ್ಲಿ ಬೆಳೆಯುವ ಸೂಕ್ಷ್ಮಸಸ್ಯಗಳೇ ತಾರ್ಲೆಗೆ ಆಹಾರ. ಮೇಲ್ಪದರ ಬಿಸಿಯಾದಷ್ಟೂ ಅದು ತಳದ ನೀರಿನೊಂದಿಗೆ ಬೆರೆಯುವುದು ಕಡಿಮೆಯಾಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ತಾರ್ಲೆಯ ಹಿಡುವಳಿ 2021ಕ್ಕೆ ಮೂರು ಸಾವಿರದ ಚಿಲ್ಲರೆ ಟನ್ನಿಗೆ ಕುಸಿದಿತ್ತು. ಆ ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲ, ನಮ್ಮ ದಂಡೆಯ ಏರಿಳಿತವೂ ಅದೇ ದಾರಿಯಲ್ಲಿದೆ.

ಹಾಗೆಂದು ಮನುಷ್ಯನ ಕೈವಾಡ ಇಲ್ಲವೆನ್ನುತ್ತಿಲ್ಲ. ಬೆಳಕು ಹಾಕಿ ಮೀನು ಹಿಡಿಯುವುದನ್ನೂ ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿಯೇ ನಿಷೇಧಿಸಿದೆ. ರಾತ್ರಿ ದಂಡೆಯ ಮೇಲೆ ನಿಂತು ನೋಡಿದವರಿಗೆ ಆ ನಿಷೇಧದ ಸ್ಥಿತಿ ಏನೆಂದು ವಿವರಿಸುವ ಅಗತ್ಯವಿಲ್ಲ. ಸಂತತಿ ಸೊರಗಿರುವ ವರ್ಷದಲ್ಲಿ ಮರಿಮೀನನ್ನು ಬಾಚಿ ಮೀನೆಣ್ಣೆ, ಮೀನುಹಿಟ್ಟಿನ ಕಾರ್ಖಾನೆಗೆ ಕಳುಹಿಸಿದರೆ ಮರುವರ್ಷ ಕಡಲು ತಣ್ಣಗಿದ್ದರೂ ಮೀನು ಬರುವುದೆಲ್ಲಿಂದ?

ಹಳೆಯ ಛತ್ರಿ (ಹೊನ್ನಾವರ)

ನನ್ನ ಅಭಿಪ್ರಾಯ ಬೇರೆ. ನೆರೆ, ಬರ, ಬಿರುಗಾಳಿ ನಮ್ಮ ಅಜ್ಜಂದಿರ ಕಾಲದಲ್ಲಿಯೂ ಇದ್ದವು. ಪ್ರಪಂಚದ ಹೊಗೆಯಲ್ಲಿ ನಮ್ಮ ಪಾಲು ಅತ್ಯಲ್ಪ. ಶ್ರೀಮಂತ ದೇಶಗಳು ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು, ಈಗ ಹೊನ್ನಾವರದವನಿಗೆ ಬುದ್ಧಿ ಹೇಳುವುದು ನ್ಯಾಯವೇ?

ಭೂಗೋಳದ ಮೇಷ್ಟ್ರು (ಅಂಕೋಲಾ)

ತಮ್ಮ ಎರಡನೆಯ ಮಾತು ನ್ಯಾಯವಾದದ್ದು. ಭಾರತದ ತಲಾ ಇಂಗಾಲದ ಹೊರಸೂಸುವಿಕೆ ಇಂದಿಗೂ ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಚಾರಿತ್ರಿಕ ಹೊಣೆ ಹೆಚ್ಚಾಗಿ ಯುರೋಪು, ಅಮೆರಿಕಗಳದು. ಒಟ್ಟು ಪ್ರಮಾಣದಲ್ಲಿ ನಾವು ಮೂರನೆಯ ಸ್ಥಾನದಲ್ಲಿದ್ದೇವೆ ಎಂಬುದನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಮೊದಲ ಮಾತನ್ನು ಮಾತ್ರ ಒಪ್ಪುವುದು ಕಷ್ಟ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಅದು ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ತಡೆಯುತ್ತದೆ. ಹಾಗೆ ತಡೆದ ಶಾಖದ ಬಹುಪಾಲು ಸೇರುವುದು ಕಡಲಿಗೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು 7 ಶೇಕಡಾ ಹೆಚ್ಚುತ್ತದೆ. ಬಿಸಿ ಕಡಲಿನಿಂದ ಎದ್ದ ಆ ತೇವದ ಗಾಳಿಗೆ ಎದುರಾಗಿ ಸಹ್ಯಾದ್ರಿಯ ಗೋಡೆ ಇದೆ. ಗಾಳಿ ಗೋಡೆ ಹತ್ತುವಾಗ ತಣಿದು ಸುರಿಯುತ್ತದೆ. ಅಜ್ಜನ ಕಾಲದಲ್ಲಿಯೂ ಸುರಿಯುತ್ತಿತ್ತು, ನಿಜ. ಈಗ ಸುರಿಯುವಾಗ ಕಡಿಮೆ ಗಂಟೆಗಳಲ್ಲಿ ಹೆಚ್ಚು ಸುರಿಯುತ್ತದೆ, ನಡುವೆ ಬಿಡುವು ಉದ್ದವಾಗುತ್ತದೆ. 2023ರ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. ಮರುವರ್ಷದ ಜುಲೈಯಲ್ಲಿ ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು.

ಶಿರೂರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಗಜನಿಯಂಚು ಅವರ ಪ್ರಶ್ನೆಗೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 2024ರ ಜುಲೈ 16ರ ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನ ಗುಡ್ಡ ಜರಿದು ಹೆದ್ದಾರಿಯನ್ನೂ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಹೊತ್ತುಕೊಂಡು ಗಂಗಾವಳಿಗೆ ಬಿತ್ತು. ಬಿದ್ದ ಮಣ್ಣಿನ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಮಣ್ಣಿನೊಂದಿಗೆ ಹೊಳೆಗೆ ಬಿದ್ದಿದ್ದ ಕೇರಳದ ಲಾರಿಯೊಂದನ್ನು ತಳದಿಂದ ಮೇಲೆತ್ತುವಾಗ ಸೆಪ್ಟೆಂಬರ್ ಕೊನೆಯಾಗಿತ್ತು. ಆ ದಿನಗಳಲ್ಲಿ ಮಳೆ ವಿಪರೀತವಾಗಿತ್ತು, ಸಂಶಯವಿಲ್ಲ. ಆದರೆ ನಮ್ಮ ಕರಾವಳಿಯ ಅನೇಕ ಗುಡ್ಡಗಳ ರಚನೆಯನ್ನು ನೋಡಿ: ಮೇಲೆ ನೀರು ಇಳಿಯಬಿಡುವ ಚಿರೆಕಲ್ಲು, ಕೆಳಗೆ ನೀರು ಕುಡಿದು ಸಾಬೂನಿನಂತೆ ಜಾರುವ ಶೇಡಿಮಣ್ಣು. ಇಂತಹ ಗುಡ್ಡದ ಬುಡವನ್ನು ನೇರ ಗೋಡೆಯಂತೆ ಕಡಿದು, ಮೆಟ್ಟಿಲು ಮಾಡದೆ, ಮೇಲಿನ ನೀರಿಗೆ ದಾರಿ ಬಿಡದೆ ಇಟ್ಟರೆ ಉಳಿದ ಕೆಲಸವನ್ನು ಮಳೆ ಮಾಡುತ್ತದೆ. ಹೆದ್ದಾರಿ ಅಗಲೀಕರಣಕ್ಕಾಗಿ ಗುಡ್ಡ ಕಡಿದ ರೀತಿಯ ಬಗ್ಗೆ ದುರಂತಕ್ಕೆ ಮೊದಲೇ ಜನ ಆಕ್ಷೇಪಿಸಿದ್ದರು. 2009ರ ಅಕ್ಟೋಬರಿನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಡಿದದ್ದನ್ನು, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ ಜರಿದದ್ದನ್ನು ಕಂಡ ಜಿಲ್ಲೆ ಇದು. ಮಳೆ ಹೆಚ್ಚಾಗುತ್ತದೆಂದು ಗೊತ್ತಿದ್ದ ಮೇಲೆ ಗುಡ್ಡವನ್ನು ಇನ್ನಷ್ಟು ಎಚ್ಚರದಿಂದ ಕಡಿಯಬೇಕಿತ್ತು. ಹವಾಮಾನ ಬದಲಾವಣೆ ಇಂಜಿನಿಯರನ ಹೊಣೆಯನ್ನು ಹೆಚ್ಚಿಸುತ್ತದೆ, ಕಡಿಮೆ ಮಾಡುವುದಿಲ್ಲ.

ಹಳೆಯ ಛತ್ರಿ (ಹೊನ್ನಾವರ)

ಮೇಷ್ಟ್ರೇ, ಗುಡ್ಡದ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಪರಿಹಾರ ಎಂದು ತರುವ ಯೋಜನೆಗಳು ಪುನಃ ನಮ್ಮ ಕಾಡಿನ ಮೇಲೆಯೇ ಬೀಳುತ್ತವಲ್ಲ? ಶರಾವತಿಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಹಸಿರು ವಿದ್ಯುತ್ತಿನ ಹೆಸರಿನಲ್ಲಿಯೇ ತರುತ್ತಿದ್ದಾರೆ. ತಳಕಳಲೆಗೂ ಗೇರುಸೊಪ್ಪೆಗೂ ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ.

ಇನ್ನೊಂದು ವಿಷಯವನ್ನು ಕುಮಟಾದವರು ಬಲ್ಲರು. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದಿಂದ ಕಡಲಿನವರೆಗೆ ಸುಮಾರು 120 ಕಿಲೋಮೀಟರ್ ತನ್ನಿಚ್ಛೆಯಂತೆ ಹರಿಯುತ್ತದೆ. ಅದರ ಅಳಿವೆಯಲ್ಲಿ ಬೆಳಚು, ಕಲ್ವ ಎಂಬ ಚಿಪ್ಪುಮೀನುಗಳು ಇಂದಿಗೂ ಸಾವಿರಾರು ಜನರ ಅನ್ನ. ನಮ್ಮ ಶರಾವತಿಯಲ್ಲಿ ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಬಿಟ್ಟು, ಬೇಸಿಗೆಯಲ್ಲಿ ಅಳಿವೆ ಉಪ್ಪಾಗದೆ, ಚಿಪ್ಪಿನ ಸಂತತಿ ಕ್ಷೀಣಿಸಿದೆ. ಅದಕ್ಕೆ ಭೂಮಿ ಬಿಸಿಯಾದದ್ದು ಕಾರಣವಲ್ಲ, ಲಿಂಗನಮಕ್ಕಿ ಕಾರಣ. 2024ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಅಘನಾಶಿನಿಯ ಅಳಿವೆ, ಶರಾವತಿಯದಲ್ಲ.

ಭೂಗೋಳದ ಮೇಷ್ಟ್ರು (ಅಂಕೋಲಾ)

ಚಿಪ್ಪಿನ ವಿಷಯ ಅಕ್ಷರಶಃ ಸರಿ. ಪಂಪ್ಡ್ ಸ್ಟೋರೇಜಿನ ಅಗತ್ಯ ಎಲ್ಲಿಂದ ಹುಟ್ಟಿತು ಎಂಬುದನ್ನೂ ಹೇಳಿಬಿಡುತ್ತೇನೆ. ಪಾವಗಡದಂತಹ ಸೌರ ಉದ್ಯಾನಗಳಲ್ಲಿ ಹಗಲು ಸಿಗುವ ವಿದ್ಯುತ್ತು ಸಂಜೆಗೆ ಸಿಗುವುದಿಲ್ಲ. ಹಗಲಿನ ಹೆಚ್ಚುವರಿಯಿಂದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ, ಸಂಜೆ ಇಳಿಸಿ, ಏರಿಸಲು ಬಳಸಿದ್ದರ ಮುಕ್ಕಾಲು ಭಾಗದಷ್ಟು ವಿದ್ಯುತ್ತನ್ನು ಮರಳಿ ಪಡೆಯುವ ವ್ಯವಸ್ಥೆ ಅದು. ಕಲ್ಲಿದ್ದಲನ್ನು ಬಿಡಬೇಕಾದರೆ ಇಂತಹ ಸಂಗ್ರಹ ಎಲ್ಲಿಯಾದರೂ ಬೇಕೇ ಬೇಕು. ಅದು ಅಭಯಾರಣ್ಯದ ಒಳಗೇ ಆಗಬೇಕೆ ಎಂಬುದು ಬೇರೆ ಪ್ರಶ್ನೆ. ನನ್ನ ಮಟ್ಟಿಗೆ ಅದಕ್ಕೆ ಉತ್ತರ ‘ಬೇಡ’ ಎಂದೇ. ನೂರಾರು ವರ್ಷಗಳಿಂದ ಇಂಗಾಲವನ್ನೂ ನೀರನ್ನೂ ಹಿಡಿದಿಟ್ಟಿರುವ ನಿತ್ಯಹರಿದ್ವರ್ಣ ಕಾಡನ್ನು, ರಾಮಪತ್ರೆ ಮರಗಳ ಜೌಗು ಜಡ್ಡಿಗಳನ್ನು ಅಲುಗಾಡಿಸಿ ಇಂಗಾಲ ಉಳಿಸುತ್ತೇವೆನ್ನುವುದು ಲೆಕ್ಕಕ್ಕೂ ಕೂಡುವುದಿಲ್ಲ. 1983ರಲ್ಲಿ ಅಪ್ಪಿಕೋ ಚಳವಳಿಯಲ್ಲಿ ಶಿರಸಿಯ ಸುತ್ತಮುತ್ತ ಮರಗಳನ್ನು ಅಪ್ಪಿಕೊಂಡವರು ಹವಾಮಾನದ ಮಾತನ್ನು ಆಡಿರಲಿಲ್ಲ. ಇಂದು ಆ ಕಾಡಿನ ಬೆಲೆ ಹವಾಮಾನದ ಲೆಕ್ಕದಲ್ಲಿಯೂ ಸಿಗುತ್ತಿದೆ.

ತೋಟಪಟ್ಟಿ (ಶಿರಸಿ)

ಅಭಯಾರಣ್ಯ ಬಿಟ್ಟು ಬೇರೆಡೆ ಎಂದರೆ ಬೇರೆ ಯಾರದೋ ಊರು ಎಂದೇ ಅರ್ಥವಲ್ಲವೇ ಮೇಷ್ಟ್ರೇ? ಈ ವಿಷಯ ಇಲ್ಲಿ ಬಗೆಹರಿಯುವಂತಹದಲ್ಲ. ಆದುದರಿಂದ ನಮ್ಮ ಕೈಗೆಟಕುವ ಒಂದು ಸಂಗತಿಗೆ ಬರುತ್ತೇನೆ.

ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ರೈತ ಕಟ್ಟುವ ವಂತಿಗೆ ವಿಮಾ ಮೊತ್ತದ 5 ಶೇಕಡಾ. ಈ ವಿಮೆಯಲ್ಲಿ ಯಾರೂ ಬಂದು ತೋಟ ನೋಡುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕದಲ್ಲಿ ದಾಖಲಾದ ಮಳೆ, ನಿಗದಿತ ಮಿತಿಯನ್ನು ದಾಟಿದೆಯೋ ಇಲ್ಲವೋ ಎಂಬುದರ ಮೇಲೆಯೇ ಪರಿಹಾರ ನಿರ್ಧಾರವಾಗುತ್ತದೆ. ಮಾಪಕ ಕೆಟ್ಟರೆ ಪಕ್ಕದ ಪಂಚಾಯಿತಿಯ ಅಂಕಿಯನ್ನು ಹಿಡಿಯುತ್ತಾರೆ. ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ನಮ್ಮಲ್ಲಿ ಒಂದು ವರ್ಷ ತೋಟದಲ್ಲಿ ಕೊಳೆ ಬಂದು ಅರ್ಧ ಫಸಲು ನೆಲಕ್ಕೆ ಬಿದ್ದಿದ್ದರೂ ದಾಖಲೆಯ ಪ್ರಕಾರ ಮಳೆ ಮಿತಿಯೊಳಗೇ ಇತ್ತು. ಮಾಪಕದ ಪೆಟ್ಟಿಗೆಯ ಮೇಲೆ ಮರದ ಕೊಂಬೆ ಚಾಚಿಕೊಂಡಿದ್ದುದನ್ನು ಆಮೇಲೆ ನೋಡಿದೆವು. ಪ್ರತಿ ಮೇ ತಿಂಗಳಲ್ಲಿ ಮಾಪಕವನ್ನು ರೈತರ ಸಮಕ್ಷಮ ಪರಿಶೀಲಿಸಬೇಕು, ದಿನದ ಅಂಕಿಯನ್ನು ಪಂಚಾಯಿತಿಯ ಫಲಕದ ಮೇಲೆ ಬರೆಯಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಕೋಡಿಬಾಗ (ಕಾರವಾರ)

ಇದು ಉಪಯೋಗದ ಮಾತು. ಕಡಲಿನವರಿಗೆ ಇಂತಹ ವಿಮೆಯ ಭಾಗ್ಯವೂ ಇಲ್ಲ. ಮಳೆಗಾಲದ ನಿಷೇಧದ ತಿಂಗಳುಗಳಿಗೆ ಉಳಿತಾಯ-ಪರಿಹಾರ ಯೋಜನೆಯಾದರೂ ಇದೆ. ಚಂಡಮಾರುತದ ಎಚ್ಚರಿಕೆಯಿಂದ ಕಳೆದುಹೋಗುವ ದಿನಗಳಿಗೆ ಏನಿದೆ? ಎಚ್ಚರಿಕೆಗೆ ಕಿವಿಗೊಟ್ಟವನಿಗೆ ಆ ದಿನಗಳ ಭತ್ಯೆ ಸಿಗುವಂತಾದರೆ ಸಾಲದ ಭಯಕ್ಕೆ ಕಡಲಿಗಿಳಿಯುವವರು ಕಡಿಮೆಯಾಗುತ್ತಾರೆ.

ಇನ್ನೊಂದು ಮಾತು ಕಡಲ್ಕೊರೆತದ ಬಗ್ಗೆ. ದೇವಬಾಗ, ಹಾರವಾಡ, ಪಾವಿನಕುರ್ವೆ ಎಲ್ಲೆಡೆ ಕೇಳಿಬರುವ ಬೇಡಿಕೆ ಕಲ್ಲಿನ ತಡೆಗೋಡೆ ಒಂದೇ. ಒಂದು ಕಡೆ ಗೋಡೆ ಕಟ್ಟಿದರೆ ಅಲೆಯ ಶಕ್ತಿ ಗೋಡೆ ಮುಗಿಯುವ ತುದಿಗೆ ತಿರುಗಿ ಪಕ್ಕದ ಕೇರಿಯ ಮರಳನ್ನು ಒಯ್ಯುತ್ತದೆ. ಮರುವರ್ಷ ಆ ಕೇರಿಯೂ ಗೋಡೆ ಕೇಳುತ್ತದೆ. ಮರಳಿನ ದಿಬ್ಬವನ್ನೂ ಅದರ ಮೇಲಿನ ಬಳ್ಳಿಯನ್ನೂ ಉಳಿಸಿಕೊಂಡ ಕಡೆ ಕೊರೆತ ನಿಧಾನ. ಅಳಿವೆಯ ಒಳಗಾದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗಿಂತ ಅಗ್ಗದ ತಡೆ ಇಲ್ಲ. ಆದರೆ ಗಿಡ ನೆಟ್ಟರೆ ಕಾಮಗಾರಿಯ ಬಿಲ್ಲು ಸಣ್ಣದಾಗುತ್ತದೆ ಎಂಬ ತೊಂದರೆ ಕೆಲವರಿಗೆ ಇದೆ.

ಗಜನಿಯಂಚು (ಕುಮಟಾ)

ಕಾಂಡ್ಲಾದ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಳಿವೆಯ ಬಯಲಿನಲ್ಲಿ ಎಲ್ಲೆಂದರಲ್ಲಿ ನೆಟ್ಟರೆ ಬೆಳಚು ಹೆಕ್ಕುವ ಹೆಂಗಸರ ಜಾಗ ಹೋಗುತ್ತದೆ. ಒಡ್ಡಿನ ಹೊರಮೈಗೆ ಸಾಲಾಗಿ ನೆಡುವುದು ಬೇರೆ. ಬೇರುಗಳು ಮಣ್ಣನ್ನು ಹಿಡಿಯುತ್ತವೆ, ಅಲೆಯ ಏಟು ಒಡ್ಡಿಗೆ ನೇರ ತಾಗುವುದಿಲ್ಲ, ಏಡಿ, ಸೀಗಡಿ ಮರಿಗಳಿಗೂ ನೆರಳು. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ನೆಡುವ ಇಲಾಖೆಗಿಂತ ಮೊದಲು ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಲಸ ಮಾಡುವವರನ್ನು ಕೇಳಬೇಕು.

ಒಡ್ಡಿನ ದುರಸ್ತಿಯ ಹಣ ಬಿಡುಗಡೆಯಾಗುವುದು ಸಾಮಾನ್ಯವಾಗಿ ಮಾರ್ಚ್ ಕೊನೆಗೆ, ಕೆಲಸ ಆರಂಭವಾಗುವುದು ಮೇ ತಿಂಗಳಿಗೆ. ಮೇ ತಿಂಗಳೇ ಈಗ ಮಳೆಗಾಲವಾಗತೊಡಗಿರುವಾಗ ಆ ಪಂಚಾಂಗ ನಡೆಯುವುದಿಲ್ಲ. ಸಾಣಿಕಟ್ಟಾದ ಉಪ್ಪಿನಾಗರದವರಿಗೂ ಇದೇ ಕಷ್ಟ: ಹಂಗಾಮಿನ ಉತ್ತಮ ಇಳುವರಿ ಬರುವ ಏಪ್ರಿಲ್, ಮೇ ತಿಂಗಳಲ್ಲಿಯೇ ಒಂದು ಅಕಾಲದ ಮಳೆ ಬಂದರೆ ಕಟ್ಟೆಯ ಉಪ್ಪು ಕರಗಿ ಹೋಗುತ್ತದೆ. ಆದುದರಿಂದ ನಮ್ಮ ರೈತ ಸಂಘದಲ್ಲಿ ಎರಡು ವಿಷಯ ಇಡಬೇಕೆಂದಿದ್ದೇವೆ. ಒಡ್ಡಿನ ಕೆಲಸ ಫೆಬ್ರವರಿಯೊಳಗೆ ಆರಂಭವಾಗಬೇಕು, ತೂಬಿನ ಹಲಗೆಯ ಕೀಲಿ ಸೀಗಡಿ ಗೇಣಿದಾರನ ಕೈಯಲ್ಲಿ ಇರಕೂಡದು. ತೋಟಪಟ್ಟಿಯವರು ಹೇಳಿದ ಮಳೆಮಾಪಕದ ಠರಾವಿನ ಒಕ್ಕಣೆಯನ್ನು ಇಲ್ಲಿ ಹಾಕಿದರೆ ಅದನ್ನೂ ಜೊತೆಗೆ ಸೇರಿಸುತ್ತೇವೆ.

ತೋಟಪಟ್ಟಿ (ಶಿರಸಿ)

ಒಕ್ಕಣೆಯನ್ನು ನಾಳೆ ಹಾಕುತ್ತೇನೆ. ಅದರಲ್ಲಿ ಮಾಪಕ ಇರುವ ಸ್ಥಳದ ಸುತ್ತ ಮರ, ಕಟ್ಟಡಗಳ ಅಡ್ಡಿ ಇರಬಾರದೆಂಬ ಸಾಲನ್ನು ಮರೆಯದೆ ಸೇರಿಸಿಕೊಳ್ಳಿ; ಸಭೆಯಲ್ಲಿ ಮೊದಲು ಬಿಟ್ಟುಹೋಗುವುದು ಆ ಸಾಲೇ.